ನಿದ್ರೆಗೆಟ್ಟವನು ಎಚ್ಚೆತ್ತವನೇ?

ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸಿ ಒಲೆ ಆರಿಸುವ ಶ್ರಾವಕರ ಮನೆಗಳು ಇಂದಿಗೂ ಉಂಟು. ಆದರೆ ಅಂತಹ ಮನೆಯಲ್ಲೂ ತರುಣನ ಕೋಣೆಯ ಮೊಬೈಲು ನಡುರಾತ್ರಿಯಾದರೂ ಆರದಿರುವುದುಂಟು. ಹೊಟ್ಟೆಗಿಲ್ಲದ ರಾತ್ರಿಭೋಜನವು ಕಣ್ಣಿಗೂ ಮನಸ್ಸಿಗೂ ನಡೆದೇ ಇರುತ್ತದೆ. ಹಿರಿಯರು ಆಕ್ಷೇಪಿಸಿದರೆ, ನಿದ್ರೆಯೇ ಪ್ರಮಾದವೆಂದು ಶಾಸ್ತ್ರ ಹೇಳುವಾಗ ಎಚ್ಚರವಿದ್ದರೆ ದೋಷವೇನು ಎಂದು ಅವನು ಕೇಳಬಹುದು.

ಪ್ರಶ್ನೆ ತುಂಟತನದ್ದಾದರೂ ವಿಚಾರಾರ್ಹವಾದುದು. ಆಚಾರ್ಯರು ಎಣಿಸಿರುವ ಪ್ರಮಾದಗಳು 15: ವಿಕಥೆ 4, ಕಷಾಯ 4, ಇಂದ್ರಿಯ 5, ನಿದ್ರೆ ಮತ್ತು ಸ್ನೇಹ. ಸಾಮಾಜಿಕ ಜಾಲತಾಣದ ಮುಂದೆ ಎಚ್ಚರವಿರುವವನು ಇವುಗಳಲ್ಲಿ ಒಂದನ್ನು ಮುಂದೂಡಿ ಉಳಿದವುಗಳಿಗೆ ಬಾಗಿಲು ತೆರೆಯುತ್ತಾನೆ. ತಿಂಡಿತಿನಿಸಿನ ಚಿತ್ರ, ರಾಜಕೀಯದ ಕಚ್ಚಾಟ, ನಟಿಯರ ಸುದ್ದಿ ಇವೆಲ್ಲ ವಿಕಥೆಗಳಲ್ಲದೆ ಮತ್ತೇನು? ಮೆಚ್ಚುಗೆ ಬಂದರೆ ಮಾನ, ಟೀಕೆ ಬಂದರೆ ಕ್ರೋಧ, ಇಲ್ಲದ ಸುಖವನ್ನು ತೋರ್ಪಡಿಸುವ ಮಾಯೆ, ಇನ್ನೊಂದನ್ನು ನೋಡೋಣವೆಂಬ ಲೋಭ; ನಾಲ್ಕು ಕಷಾಯಗಳೂ ಅಲ್ಲಿಯೇ ಇವೆ.

ಊಟಕ್ಕಾದರೂ ತಟ್ಟೆ ಬರಿದಾಗುವ ಕ್ಷಣವೊಂದಿದೆ. ಈ ನೋಟಕ್ಕೆ ಅದೂ ಇಲ್ಲ. ಕೊನೆಯೇ ಇಲ್ಲದಂತೆ ಪುಟ ಉರುಳುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಮುಂದೆ ಅದಕ್ಕಾಗಿ ವಿಷಾದಪಟ್ಟರು. ಕತ್ತಲಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯು ಸ್ರವಿಸುವ ಮೆಲಟೋನಿನ್ ದೇಹವನ್ನು ವಿಶ್ರಾಂತಿಗೆ ಅಣಿಗೊಳಿಸುತ್ತದೆ. ಪರದೆಯ ನೀಲಿ ಬೆಳಕು ಈ ಸ್ರಾವವನ್ನು ಕುಗ್ಗಿಸಬಲ್ಲದು. ಮನಸ್ಸಿನ ಉದ್ವೇಗವು ನಿದ್ರೆಯನ್ನು ಮತ್ತಷ್ಟು ದೂರ ಸರಿಸುತ್ತದೆ. 18ರಿಂದ 25 ವಯಸ್ಸಿನವರಿಗೆ 7ರಿಂದ 9 ಗಂಟೆಗಳ ನಿದ್ರೆ ಬೇಕೆಂಬುದು ತಜ್ಞರ ಸಲಹೆ.

ಕಳೆದುಕೊಂಡ ನಿದ್ರೆಯ ಫಲವನ್ನು ಅನುಭವಿಸುವವನು ಅವನೊಬ್ಬನೇ ಅಲ್ಲ. ಬೆಳಿಗ್ಗೆ ತೂಕಡಿಸುತ್ತ ವಾಹನ ನಡೆಸುವವನ ಗಾಲಿಗೆ ಸಿಲುಕುವ ಜೀವ ಯಾವುದೋ! ಪ್ರಮತ್ತಯೋಗದಿಂದಾಗುವ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಬೋಧಿಸುತ್ತದೆ. ಆದುದರಿಂದ ಇದು ಕೇವಲ ಆರೋಗ್ಯದ ಮಾತಲ್ಲ, ಅಹಿಂಸೆಯ ಮಾತು.

ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ಅದು ಶಯನವನ್ನು ನಿಯಮಕ್ಕೊಳಪಡಿಸುತ್ತದೆಯೇ ಹೊರತು ನಿಷೇಧಿಸುವುದಿಲ್ಲ. ಮುನಿಗಳು ನಿದ್ರೆಯನ್ನು ಮಿತಗೊಳಿಸುವುದು ಸ್ವಾಧ್ಯಾಯ, ಧ್ಯಾನಗಳಿಗಾಗಿ; ತರುಣನು ಕೆಡಿಸಿಕೊಳ್ಳುವುದು ಏತಕ್ಕೂ ಅಲ್ಲ. ನಿಷ್ಪ್ರಯೋಜಕವಾದ ಇಂತಹ ಪ್ರಮಾದಚರ್ಯೆಯನ್ನೇ ಶಾಸ್ತ್ರಕಾರರು ಅನರ್ಥದಂಡವೆಂದರು.

ಪರಿಹಾರವೂ ವ್ರತಗಳಲ್ಲಿಯೇ ಇದೆ. ಗೊತ್ತಾದ ಕಾಲದವರೆಗೆ ಗೊತ್ತಾದ ಎಲ್ಲೆಯನ್ನು ದಾಟದಿರುವುದು ದೇಶವ್ರತ. ರಾತ್ರಿ ಮಲಗುವ ಕೋಣೆಯೊಳಕ್ಕೆ ಮೊಬೈಲು ಬಾರದೆಂಬ ನಿಯಮವು ಅದೇ ಭಾವದ ಕಿರುರೂಪವಾದೀತು. ಆದರೆ ಆ ನಿಯಮವನ್ನು ಮೊದಲು ತಂದೆತಾಯಿಯರು ಸ್ವೀಕರಿಸಬೇಕು. ಒಲೆಯನ್ನು ಆರಿಸಲು ಮಕ್ಕಳು ಕಲಿತದ್ದು ಹಿರಿಯರನ್ನು ನೋಡಿಯೇ ಅಲ್ಲವೇ?