ದಡದ ಮೇಲೆ ನಿಂತವನು

ಹೋದ ವಾರ ಮೀಟಿಂಗಿನಲ್ಲಿ ನಮ್ಮ ಟೀಮಿನ ಹುಡುಗಿಯೊಬ್ಬಳನ್ನು ಎಲ್ಲರ ಮುಂದೆ ಬೈದರು. ತಪ್ಪು ಅವಳದಲ್ಲ, ಅದು ನನಗೆ ಗೊತ್ತಿತ್ತು. ಆಮೇಲೆ ಕಾಫಿ ಮಷೀನಿನ ಹತ್ತಿರ ಸಿಕ್ಕವಳಿಗೆ, 'ನಾನು ಇದ್ರಲ್ಲಿ ನ್ಯೂಟ್ರಲ್ ಕಣೇ' ಅಂದೆ. ಅವಳು ಏನೂ ಹೇಳದೆ ಲೋಟ ತಗೊಂಡು ಹೋದಳು.

ಅವತ್ತಿಂದ ಆ ಪದ ತಲೆ ಕೊರೀತಿದೆ. ಕನ್ನಡದಲ್ಲಿ ತಟಸ್ಥ ಅಂತೀವಿ. ತಟ ಅಂದ್ರೆ ದಡ. ಹೊಳೆಯಲ್ಲಿ ಯಾರು ಮುಳುಗಿದರೂ ದಡದಲ್ಲಿ ನಿಂತವನ ಬಟ್ಟೆ ಒದ್ದೆಯಾಗಲ್ಲ.

ಜೀವಶಾಸ್ತ್ರದಲ್ಲೂ ಈ ಪದ ಇದೆ, ಅರ್ಥ ಮಾತ್ರ ಬೇರೆ. ಅಣುಮಟ್ಟದಲ್ಲಿ ನಡೆಯುವ ವಿಕಾಸದ ಬಹುಪಾಲು ಬದಲಾವಣೆಗಳು ನೈಸರ್ಗಿಕ ಆಯ್ಕೆಯಿಂದಲ್ಲ, ಆಕಸ್ಮಿಕವಾಗಿ ಉಳಿದುಕೊಂಡಂಥವು ಅಂತ 1968ರಲ್ಲಿ ಜಪಾನಿನ ಮೋಟೂ ಕಿಮುರಾ ವಾದಿಸಿದರು. (ಡಾರ್ವಿನ್ ತಪ್ಪು ಅಂತಲ್ಲ. ಜೀವಿಗಳು ಪರಿಸರಕ್ಕೆ ಹೊಂದಿಕೊಳ್ಳುವುದು ಆಯ್ಕೆಯಿಂದಲೇ ಅಂತ ಅವರೂ ಒಪ್ಪಿದ್ದರು.) ಜೀನುಗಳ ಭಾಷೆಯಲ್ಲಿ ಮೂರಕ್ಷರದ 64 ಸಂಕೇತಗಳಿವೆ, ಅಮೈನೋ ಆಮ್ಲಗಳು 20 ಮಾತ್ರ. ಹಾಗಾಗಿ ಜಿಜಿಎ ಹೋಗಿ ಜಿಜಿಸಿ ಆದರೂ ಬರೋದು ಅದೇ ಗ್ಲೈಸೀನ್. ಜೀವಿಯ ಅಳಿವು ಉಳಿವಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗಲ್ಲ. ಆದರೆ ಗಮನಿಸಿ, ಇಲ್ಲಿ ಯಾವ ಜೀನೂ 'ನಾನು ತಟಸ್ಥ' ಅಂತ ಘೋಷಿಸಿಕೊಂಡಿಲ್ಲ. ಪರಿಣಾಮ ನೋಡಿ ನಾವು ಹಾಗೆ ಕರೀತೀವಿ, ಅಷ್ಟೇ.

ದೇಶಗಳದ್ದು ಉಲ್ಟಾ. ಅವು ಮೊದಲು ಘೋಷಿಸುತ್ತವೆ, ಪರಿಣಾಮ ಆಮೇಲೆ. ನೆಹರೂಗೆ ತಟಸ್ಥ ಅನ್ನೋ ಪದವೇ ಹಿಡಿಸುತ್ತಿರಲಿಲ್ಲ. ಯಾವ ಬಣಕ್ಕೂ ಸೇರದೆ ಒಂದೊಂದು ವಿಷಯವನ್ನೂ ಅದರದರ ಯೋಗ್ಯತೆಯ ಮೇಲೆ ತೂಗಬೇಕು ಅನ್ನೋದು ಅವರ ನಿಲುವು. ಒಳ್ಳೆಯ ನಿಲುವೇ. ಆಗಷ್ಟೇ ಸ್ವತಂತ್ರವಾದ ದೇಶ ಬೇರೆಯವರ ಜಗಳಕ್ಕೆ ಯಾಕೆ ಹೋಗಬೇಕು? ಆದರೆ 1956ರ ನವೆಂಬರ್ ನೆನಪಿಸಿಕೊಳ್ಳಿ. ಸೂಯೆಜ್ ಮೇಲಿನ ದಾಳಿಯನ್ನು ಜೋರಾಗಿ ಖಂಡಿಸಿದ ಭಾರತ, ಅದೇ ದಿನಗಳಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿದಾಗ ವಿಶ್ವಸಂಸ್ಥೆಯ ಖಂಡನಾ ನಿರ್ಣಯಕ್ಕೆ ಮತ ಹಾಕದೆ ಕೂತಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಅಂತ ಹೇಳೋಕೆ ನನಗಂತೂ ಬಾಯಿ ಬರಲ್ಲ. ದೆಹಲಿಯಲ್ಲಿ ಅದು ಎಚ್ಚರಿಕೆಯ ಹೆಜ್ಜೆ ಅನ್ನಿಸಿರಬಹುದು. ಟ್ಯಾಂಕಿನ ಎದುರು ನಿಂತವನಿಗೆ?

ಇವತ್ತು ಯಾವ ವ್ಯತ್ಯಾಸವನ್ನೂ ಮಾಡದ ಮ್ಯುಟೇಶನ್ನು, ಸುತ್ತಲಿನ ಪರಿಸರ ಬದಲಾದರೆ ಜೀವ ಉಳಿಸಬಹುದು, ತೆಗೆಯಲೂಬಹುದು. ಅಂದ್ರೆ ಜೀನಿಗೂ ಈ ಬಿರುದು ಕಾಯಂ ಅಲ್ಲ.

ನನ್ನ ಮೌನ ಕಿಮುರಾ ಹೇಳಿದ ಅರ್ಥದಲ್ಲಿ ತಟಸ್ಥವಾಗಿದ್ದರೆ, ನಾನು ಬಾಯಿಬಿಟ್ಟರೂ ಬಿಡದಿದ್ದರೂ ಅವಳಿಗೆ ಒಂದೇ ಆಗಬೇಕಿತ್ತು. ಆಗಲಿಲ್ಲ. ತಿಂಗಳ ಕೊನೆಗೆ ಅವಳ ಅಪ್ರೈಸಲ್ ಇದೆ. ತಪ್ಪು ಯಾರದು ಅಂತ ತೋರಿಸೋ ಮೇಲ್‌ಗಳು ಇನ್ನೂ ನನ್ನ ಇನ್‌ಬಾಕ್ಸಲ್ಲೇ ಇವೆ.