ಮಾಜಿ ಸೈನಿಕನಿಗೆ ಕೊಡುವುದು ಉಡುಗೊರೆಯೋ, ಬಾಕಿಯೋ?

2015ರ ಆಗಸ್ಟ್ 14ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಎರಡು ತಿಂಗಳಿಂದ ಧರಣಿ ಕುಳಿತಿದ್ದ ಮಾಜಿ ಸೈನಿಕರನ್ನು ಪೊಲೀಸರು ಬಲವಂತವಾಗಿ ತೆರವುಗೊಳಿಸಲು ಹೊರಟರು. ಮರುದಿನ ಸ್ವಾತಂತ್ರ್ಯೋತ್ಸವ, ಭದ್ರತೆಯ ಕಾರಣ ನೀಡಲಾಗಿತ್ತು. ಎದೆಯ ಮೇಲೆ ಪದಕ ಧರಿಸಿದ ವೃದ್ಧರನ್ನು ಎಳೆದಾಡುವ ದೃಶ್ಯವನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಬೆಳಗಾದಾಗ ಕೆಂಪುಕೋಟೆಯ ಭಾಷಣದಲ್ಲಿ ಅವರ ಬೇಡಿಕೆಯನ್ನು ತಾತ್ವಿಕವಾಗಿ ಒಪ್ಪಲಾಗಿದೆ ಎಂಬ ಮಾತು ಬಂತು.

ಆ ಬೇಡಿಕೆಯೇನೂ ಕ್ಲಿಷ್ಟವಾದುದಲ್ಲ. ಒಂದೇ ದರ್ಜೆಯಲ್ಲಿ ಒಂದೇ ಅವಧಿ ದುಡಿದ ಇಬ್ಬರಿಗೆ, ಅವರು ಯಾವ ವರ್ಷ ನಿವೃತ್ತರಾದರೂ, ಒಂದೇ ಪಿಂಚಣಿ ಸಿಗಬೇಕು ಎಂಬುದಷ್ಟೆ. ಪಿಂಚಣಿಯನ್ನು ಕೊನೆಯ ಸಂಬಳದ ಮೇಲೆ ಲೆಕ್ಕ ಹಾಕುವುದರಿಂದ ಹೊಸ ವೇತನ ಆಯೋಗ ಬಂದಾಗಲೆಲ್ಲ ಹಳಬರು ಹಿಂದೆ ಬೀಳುತ್ತಾರೆ. ಗುಮಾಸ್ತ ಅರವತ್ತರವರೆಗೆ ದುಡಿಯುತ್ತಾನೆ. ಸಿಪಾಯಿಯನ್ನು ನಲವತ್ತರ ಆಸುಪಾಸಿನಲ್ಲೇ ಮನೆಗೆ ಕಳುಹಿಸಲಾಗುತ್ತದೆ. ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ ಅವನು 'ಮಾಜಿ'ಯಾಗುತ್ತಾನೆ. ಆ ನಂತರದ ದೀರ್ಘ ಬದುಕನ್ನು ಹಳೆಯ ಲೆಕ್ಕದಲ್ಲೇ ಸವೆಸಬೇಕಾಗುತ್ತದೆ. 2009ರಲ್ಲಿ ಅನೇಕರು ತಮ್ಮ ಪದಕಗಳನ್ನು ರಾಷ್ಟ್ರಪತಿಗಳಿಗೆ ಹಿಂದಿರುಗಿಸಿದರು. 2011ರಲ್ಲಿ ರಾಜ್ಯಸಭೆಯ ಕೋಶ್ಯಾರಿ ಸಮಿತಿ ಬೇಡಿಕೆ ನ್ಯಾಯವಾದುದೆಂದಿತು. 2015ರ ನವೆಂಬರ್‌ನಲ್ಲಿ ಆದೇಶ ಹೊರಬಿತ್ತು, 2014ರ ಜುಲೈ 1ರಿಂದ ಅನ್ವಯವಾಗುವಂತೆ. ಆದರೆ ಪರಿಷ್ಕರಣೆ ಐದು ವರ್ಷಗಳಿಗೊಮ್ಮೆ ಮಾತ್ರ. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ನೀತಿಯಲ್ಲಿ ಸಾಂವಿಧಾನಿಕ ದೋಷವಿಲ್ಲವೆಂದು ಹೇಳಿ, 2019ರಿಂದ ಪರಿಷ್ಕರಿಸಿ ಬಾಕಿ ಪಾವತಿಸಲು ಸೂಚಿಸಿತು. ಆ ಬಾಕಿಗೂ ಮರುವರ್ಷ ನ್ಯಾಯಾಲಯವೇ ಗಡುವುಗಳನ್ನು ಹಾಕಿಕೊಡಬೇಕಾಯಿತು.

ಈ ಹಣವನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದನ್ನು ಸ್ವಲ್ಪ ಗಮನಿಸಿ. 'ಸೌಲಭ್ಯ', 'ಸವಲತ್ತು', 'ಕೊಡುಗೆ'. ಇವೆಲ್ಲ ಕೊಡುವವನ ದೊಡ್ಡತನವನ್ನು ಸೂಚಿಸುವ ಶಬ್ದಗಳು. ಉಡುಗೊರೆಯಾದರೆ ಎಷ್ಟು, ಯಾವಾಗ ಎಂಬುದನ್ನು ಕೊಡುವವನೇ ತೀರ್ಮಾನಿಸುತ್ತಾನೆ, ಪಡೆಯುವವನು ಕೈಮುಗಿಯಬೇಕು. ಬಾಕಿಯಾದರೆ ಮಾತೇ ಬೇರೆ. ಅಲ್ಲಿ ತಡಮಾಡುವುದೂ ಒಂದು ಅನ್ಯಾಯ. ಬಾಕಿ ಕೇಳಲು ಬಂದವನನ್ನು ಅಂಗಳದಲ್ಲಿ ಕಾಯಿಸಿದ ಸಾಲಗಾರ ಮನೆಯೊಳಗೆ ಅವನ ಗುಣಗಾನ ಮಾಡುತ್ತಿದ್ದರೆ ನಾವು ಏನೆನ್ನುತ್ತೇವೆ?

ನಮ್ಮ ನಾಡಿನ ಹಿರಿಯರಿಗೆ ಈ ಗೊಂದಲ ಅಷ್ಟಾಗಿ ಇದ್ದಂತಿಲ್ಲ. ಕರ್ನಾಟಕದಲ್ಲಿ ಊರೂರಿಗೆ ವೀರಗಲ್ಲುಗಳಿವೆ. ಹಲವು ಕಲ್ಲುಗಳಲ್ಲಿ ಸತ್ತವನ ಶೌರ್ಯದ ಜೊತೆಗೆ ಅವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿಯ ವಿವರವೂ ಇದೆ. ಇದಕ್ಕೆ 'ನೆತ್ತರುಕೊಡಗೆ' ಎಂಬ ಹೆಸರೇ ಇತ್ತು. ಹತ್ತನೆಯ ಶತಮಾನದ ಆತಕೂರು ಶಾಸನ ಕಾಳಿ ಎಂಬ ನಾಯಿಯಿಂದಾಗಿ ಪ್ರಸಿದ್ಧ. ಆದರೆ ತಕ್ಕೋಲದ ಯುದ್ಧದಲ್ಲಿ ಹೋರಾಡಿದ ಮಣಲೇರನಿಗೆ ಬೂತುಗನು 'ಬಾಳ್ಗಚ್ಚು' ಆಗಿ ಊರುಗಳನ್ನು ಕೊಟ್ಟ ಸಂಗತಿಯೂ ಅದರಲ್ಲಿದೆ. ಹೊಗಳಿಕೆ ಮತ್ತು ಅನ್ನ, ಎರಡೂ ಒಂದೇ ಕಲ್ಲಿನ ಮೇಲೆ. ಅದನ್ನು ಓದಬಲ್ಲ ಯಾರೂ ಮಣಲೇರನ ಮಕ್ಕಳಿಗೆ 'ದಾಖಲೆ ತನ್ನಿ' ಎನ್ನುವಂತಿರಲಿಲ್ಲ. ರಾಜಶಾಹಿಯ ಕಾಲವನ್ನು ಹಾಡಿಹೊಗಳುವುದು ನಮ್ಮ ಉದ್ದೇಶವಲ್ಲ, ಆ ಯುದ್ಧಗಳಲ್ಲಿ ಹೆಚ್ಚಿನವು ರಾಜರ ದುರಾಸೆಯ ಯುದ್ಧಗಳೇ.

ಏಳನೆಯ ಶತಮಾನದಲ್ಲಿ ಖಲೀಫ ಉಮರ್(ರ) ಅವರು 'ದೀವಾನ್' ಎಂಬ ದಾಖಲೆ ಪುಸ್ತಕವನ್ನು ಆರಂಭಿಸಿ ಯೋಧರಿಗೂ ಅವರ ಕುಟುಂಬಗಳಿಗೂ ಬೊಕ್ಕಸದಿಂದ ವರ್ಷಾಶನ ಗೊತ್ತುಪಡಿಸಿದರು. ಆಗಲೂ ಇಂದಿನದೇ ಪ್ರಶ್ನೆ ಎದ್ದಿತ್ತು. ಮೊದಲ ಖಲೀಫ ಅಬೂಬಕರ್(ರ) ಅವರು ಎಲ್ಲರಿಗೂ ಸಮಾನವಾಗಿ ಹಂಚಿದ್ದರು. ಸೇವೆಗೆ ಪ್ರತಿಫಲ ದೇವನ ಬಳಿ ಇದೆ, ಹೊಟ್ಟೆ ಮಾತ್ರ ಎಲ್ಲರದೂ ಒಂದೇ ಎಂಬುದು ಅವರ ನಿಲುವಿನ ಸಾರ. ಉಮರ್(ರ) ಅದನ್ನು ಒಪ್ಪದೆ ಬದ್ರ್‌ನಲ್ಲಿ ಹೋರಾಡಿದವರಿಗೆ ಹೆಚ್ಚು, ತಡವಾಗಿ ಬಂದವರಿಗೆ ಕಡಿಮೆ ಎಂಬ ದರ್ಜೆಗಳನ್ನು ಮಾಡಿದರು. ಕೊನೆಗಾಲದಲ್ಲಿ ಅವರೂ ಸಮಾನತೆಯತ್ತ ಮರಳಲು ಬಯಸಿದ್ದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಯಾರ ಲೆಕ್ಕ ಸರಿ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಆದರೆ ಅದು ಬೊಕ್ಕಸದಿಂದ ಸಲ್ಲಬೇಕಾದದ್ದು ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ.

ಇಲ್ಲೊಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸೈನಿಕನಿಗೆ ಮಾತ್ರ ಏಕೆ ಈ ವಿಶೇಷ ಋಣ? ಮ್ಯಾನ್‌ಹೋಲಿಗಿಳಿದು ಸಾಯುವ ಪೌರಕಾರ್ಮಿಕನೂ ನಮಗಾಗಿಯೇ ಸಾಯುತ್ತಾನಲ್ಲವೇ? ಖಂಡಿತ. ಅವನ ಸಾವಿಗೆ ಪರಿಹಾರವನ್ನು ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಲು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಜವಾನರ ಕಥೆಯೂ ಅಷ್ಟೆ. 2019ರ ಫೆಬ್ರವರಿಯಲ್ಲಿ ಪುಲ್ವಾಮದಲ್ಲಿ 40 ಸಿಆರ್‌ಪಿಎಫ್ ಯೋಧರು ಹತರಾದಾಗ ನಾವು ಊರೂರಲ್ಲಿ ಮೋಂಬತ್ತಿ ಹಚ್ಚಿದೆವು. ಅವರಲ್ಲೊಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ಆದರೆ 2004ರ ನಂತರ ಆ ಪಡೆಗೆ ಸೇರಿ ಬದುಕಿ ನಿವೃತ್ತನಾಗುವವನನ್ನು ಸರ್ಕಾರ ಹಳೆಯ ಪಿಂಚಣಿಯಿಂದ ಹೊರಗಿಟ್ಟಿತು. 2023ರಲ್ಲಿ ದೆಹಲಿ ಹೈಕೋರ್ಟ್ ಅವನ ಪರವಾಗಿ ತೀರ್ಪು ನೀಡಿದರೆ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. ಸತ್ತರೆ ಹುತಾತ್ಮ, ಬದುಕಿದರೆ ಸಾಮಾನ್ಯ ನೌಕರ!

ಆದರೂ ಸೈನಿಕನಲ್ಲಿ ಒಂದು ವ್ಯತ್ಯಾಸವಿದೆ, ಅದು ಶೌರ್ಯಕ್ಕೆ ಸಂಬಂಧಿಸಿದ್ದಲ್ಲ. ಸಂವಿಧಾನದ 33ನೇ ವಿಧಿಯ ಪ್ರಕಾರ ಅವನ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕುಗೊಳಿಸಬಹುದು. ಅವನು ಸಂಘ ಕಟ್ಟುವಂತಿಲ್ಲ, ಮುಷ್ಕರ ಹೂಡುವಂತಿಲ್ಲ, ಈ ಯುದ್ಧ ಬೇಡ ಎನ್ನುವಂತಿಲ್ಲ. ಆ ತೀರ್ಮಾನ ಮಾಡುವವರು ನಾವು, ನಾವು ಆರಿಸಿದವರು. ಹಾಗಾಗಿ ಯುದ್ಧವನ್ನು ವಿರೋಧಿಸುವವರಿಗೂ ಈ ಹೊಣೆಯಿಂದ ಬಿಡುಗಡೆಯಿಲ್ಲ. ಯುದ್ಧ ತಪ್ಪಾಗಿದ್ದರೆ ಋಣ ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಚುನಾವಣೆಯ ವೇದಿಕೆಯಲ್ಲಿ ಸೈನಿಕನ ಹೆಸರೆತ್ತಿ ಮತ ಕೇಳುವವರಿಗೆ ಈ ಮಾತು ರುಚಿಸಲಾರದು.

ಗಾಯಗೊಂಡವನ ಪಾಡಂತೂ ಇನ್ನೂ ಕಷ್ಟ. 1985ರಲ್ಲಿ ಸೇನೆ ಸೇರಿದ ಒಬ್ಬ ಸಿಪಾಯಿಯನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಹೊರಗೆ ಕಳುಹಿಸಲಾಯಿತು. ರೋಗ ಸೇವೆಯಿಂದ ಬಂದದ್ದಲ್ಲ ಎಂದು ಅಂಗವೈಕಲ್ಯ ಪಿಂಚಣಿ ನಿರಾಕರಿಸಿದರು. ಸೇರುವಾಗ ಆರೋಗ್ಯವಂತನೆಂದು ದಾಖಲಿಸಿಕೊಂಡಿದ್ದರೆ ರೋಗವು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಭಾರ ಸರ್ಕಾರದ ಮೇಲಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ. ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಸಂದಿತ್ತು. ಎದುರು ಪಕ್ಷದಲ್ಲಿ ವಾದಿಸುತ್ತಿದ್ದದ್ದು ಶತ್ರುದೇಶವಲ್ಲ, ಅವನನ್ನು ಕಳುಹಿಸಿದ ಸರ್ಕಾರವೇ. ಸುಳ್ಳು ಹೇಳಿ ಪಿಂಚಣಿ ಪಡೆಯುವವರೂ ಇದ್ದಾರೆ ಎಂಬ ವಾದವುಂಟು, ಇರಬಹುದು. ಕೆಲವರ ವಂಚನೆಗೆ ಉಳಿದವರೆಲ್ಲರನ್ನೂ ಕಟಕಟೆಗೆ ತರುವುದು ಯಾವ ನ್ಯಾಯ?

ಇನ್ನು ಅಸ್ಸಾಮಿನ ಘಟನೆ. ಮೂವತ್ತು ವರ್ಷ ಸೇನೆಯಲ್ಲಿ ದುಡಿದು 2017ರಲ್ಲಿ ನಿವೃತ್ತರಾದ ಮುಸ್ಲಿಮ್ ಅಧಿಕಾರಿಯೊಬ್ಬರನ್ನು 2019ರ ಮೇ ತಿಂಗಳಲ್ಲಿ ವಿದೇಶೀಯರ ನ್ಯಾಯಮಂಡಳಿ ವಿದೇಶೀಯನೆಂದು ಘೋಷಿಸಿತು. ಗೋಲ್ಪಾರಾದ ಬಂಧನ ಕೇಂದ್ರಕ್ಕೆ ಅವರನ್ನು ಕಳುಹಿಸಲಾಯಿತು. ಜೂನ್‌ನಲ್ಲಿ ಗುವಾಹಟಿ ಹೈಕೋರ್ಟ್ ಮಧ್ಯಂತರ ಜಾಮೀನು ನೀಡಿತು. ಪಿಂಚಣಿ ಎಷ್ಟಿರಬೇಕೆಂದು ನಾವು ಚರ್ಚಿಸುತ್ತಿರುವಾಗ ಅವರು, ನಾನು ಈ ದೇಶದವನೇ ಎಂದು ಸಾಬೀತುಪಡಿಸಬೇಕಾಗಿತ್ತು. ಈ ಪ್ರಕರಣಕ್ಕೆ ಸದ್ದಾದದ್ದು ಅವರು ಸೈನಿಕರಾಗಿದ್ದುದರಿಂದ. ಅದೇ ಬಂಧನ ಕೇಂದ್ರದಲ್ಲಿದ್ದ ರೈತ, ಕೂಲಿಕಾರರಿಗೆ ತೋರಿಸಲು ಸಮವಸ್ತ್ರದ ಫೋಟೋ ಇರಲಿಲ್ಲ ಎಂಬುದನ್ನೂ ನಾವು ಯೋಚಿಸಬೇಕು.

2022ರ ಜೂನ್‌ನಲ್ಲಿ ಬಂದ ಅಗ್ನಿಪಥ ಯೋಜನೆ ಈ ಪ್ರಶ್ನೆಗೆ ಹೊಸ ರೂಪ ಕೊಟ್ಟಿದೆ. ನಾಲ್ಕು ವರ್ಷ ಸೇವೆ. ನಂತರ ನಾಲ್ವರಲ್ಲಿ ಒಬ್ಬ ಮಾತ್ರ ಉಳಿಯುತ್ತಾನೆ. ಉಳಿದ ಮೂವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ. ಅದರ ಅರ್ಧ ಭಾಗ ಅವರದೇ ಸಂಬಳದಿಂದ ಕಡಿತವಾದದ್ದು. ಪಿಂಚಣಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆ ಇಲ್ಲ, ಕ್ಯಾಂಟೀನ್ ಇಲ್ಲ. ಕರ್ತವ್ಯದಲ್ಲಿ ಮಡಿದರೆ ಮನೆಯವರಿಗೆ 48 ಲಕ್ಷದ ವಿಮೆ ಮತ್ತು ಪರಿಹಾರ ಉಂಟು, ಕುಟುಂಬ ಪಿಂಚಣಿ ಇಲ್ಲ. ಸೇನೆ ಯುವಕರಿಂದ ತುಂಬಿರಬೇಕು, ಪಿಂಚಣಿಯ ಹೊರೆ ಇಳಿಯಬೇಕು ಎಂಬ ಸಮರ್ಥನೆಯನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಆದರೆ ಗುಂಡು ಸೇವಾವಧಿ ನೋಡಿ ಹಾರುವುದಿಲ್ಲ. ಹದಿನೈದು ವರ್ಷದವನ ಪಕ್ಕದಲ್ಲಿ ಅದೇ ಬಂಕರಿನಲ್ಲಿ ನಿಂತ ನಾಲ್ಕು ವರ್ಷದವನಿಗೂ 33ನೇ ವಿಧಿ ಅಷ್ಟೇ ಬಿಗಿಯಾಗಿ ಅನ್ವಯವಾಗುತ್ತದೆ. 2022ರ ಕೊನೆಯಲ್ಲಿ ಸೇರಿದ ಮೊದಲ ತಂಡದ ನಾಲ್ಕು ವರ್ಷಗಳ ಲೆಕ್ಕ 2026ರ ಕೊನೆಗೆ ಬರುತ್ತದೆ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗರು ಬೆಳಗಾವಿಯ, ಕೊಡಗಿನ, ಉತ್ತರಪ್ರದೇಶದ ಹಳ್ಳಿಗಳಿಗೆ ಮರಳುವಾಗ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಪುಸ್ತಕದಲ್ಲಿ ಅವರ ಹೆಸರನ್ನು ಯಾವ ಕಾಲಂನಲ್ಲಿ ಬರೆಯುವುದು?