ಮನೆಮಾತು ಮತ್ತು ಮತ

ಹೊಸೂರು 2019ರಲ್ಲಿ ಮಹಾನಗರಪಾಲಿಕೆಯಾಯಿತು. 2022ರ ಫೆಬ್ರವರಿ 19ರಂದು ಅದರ 45 ವಾರ್ಡುಗಳಿಗೆ ಮೊದಲ ಚುನಾವಣೆ ನಡೆಯಿತು. ಕನ್ನಡ, ತಮಿಳು, ತೆಲುಗು, ಉರ್ದು ಒಂದೇ ಬೀದಿಯಲ್ಲಿ ಕೇಳಿಬರುವ ಈ ಊರಿನಲ್ಲಿ ಒಂದು ಧರ್ಮಸೂಕ್ಷ್ಮ ತಲೆದೋರುತ್ತದೆ: ಕನ್ನಡಿಗನೆಂಬ ಕಾರಣದಿಂದ ಒಬ್ಬನು ಮತ ಯಾಚಿಸುವುದು ಯುಕ್ತವೇ?

ಯುಕ್ತವೆನ್ನುವವರ ವಾದದಲ್ಲಿ ಹುರುಳಿದೆ. ತಮಿಳಿನಲ್ಲಿ ಅರ್ಜಿ ಬರೆಯಲಾರದ ವೃದ್ಧೆಯು ತನ್ನ ಕಷ್ಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಒಬ್ಬ ಸದಸ್ಯನಾದರೂ ಬೇಕು. ಸಭೆಯಲ್ಲಿ ದನಿಯಿಲ್ಲದವರ ಅಳಲು ಕಡತವನ್ನೂ ಸೇರದು.

ಆದರೆ ಪಾಲಿಕೆಯ ಕೆಲಸವೇನು? ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯ 18 ವಿಷಯಗಳಲ್ಲಿ ನೀರು, ರಸ್ತೆ, ನೈರ್ಮಲ್ಯ, ಬೀದಿದೀಪ, ಸ್ಮಶಾನಗಳು ಸೇರಿವೆ. ತುಂಬಿ ಹರಿಯುವ ಚರಂಡಿ ಯಾರ ಮನೆಮಾತನ್ನೂ ವಿಚಾರಿಸುವುದಿಲ್ಲ. ಇಂಥ ಕೆಲಸ ಕಿರಿದೆಂದು ಬಗೆಯಬಾರದು. ನಮ್ಮ ಹೊಸೂರು ಸೀಮೆಯ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ದೇಶದ ಗವರ್ನರ್ ಜನರಲ್ ಆಗುವುದಕ್ಕೆ ಮೂರು ದಶಕಗಳ ಮೊದಲೇ, 1917ರಲ್ಲಿ, ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದರು.

ಆದ್ದರಿಂದ ಅಭ್ಯರ್ಥಿಯು 'ನಿಮ್ಮ ಮಾತು ನನಗೆ ತಿಳಿಯುತ್ತದೆ' ಎಂದು ಮತ ಕೇಳಲಿ. 'ನಾನು ನಿಮ್ಮವರಿಗಷ್ಟೇ' ಎಂದು ಕೇಳದಿರಲಿ. ಮೊದಲನೆಯದು ಯೋಗ್ಯತೆ, ಎರಡನೆಯದು ಪಕ್ಷಪಾತ. ಬಹುಸಂಖ್ಯಾತರು ನಮ್ಮ ಶಾಲೆಗಳನ್ನು, ನಮ್ಮ ನುಡಿಯನ್ನು ಆದರಿಸಬೇಕೆಂದು ಬಯಸುವ ನಾವು, ನಮ್ಮ ಕೈಗೆ ಅಧಿಕಾರ ಬಂದ ವಾರ್ಡಿನಲ್ಲಿ ಅದೇ ನ್ಯಾಯವನ್ನು ಇತರರಿಗೆ ಸಲ್ಲಿಸಬೇಕು. ತನಗೆ ಮತ ನೀಡದವನ ಮನೆಯ ನಲ್ಲಿಯಲ್ಲೂ ನೀರು ಬರುತ್ತಿದೆಯೇ ಎಂದು ನೋಡುವವನೇ ನಿಜವಾದ ಸದಸ್ಯ. ಅಂಥವನಿಂದ ಕನ್ನಡದ ಗೌರವವೂ ಹೆಚ್ಚುತ್ತದೆ.